‘ಗ್ಲಿಚ್’ ಮತ್ತು ‘ತಪ್ಪಾಯಿತು’

ಕೆಲಸ ಕೆಟ್ಟಾಗಲೆಲ್ಲ ನಾವು ಸಲೀಸಾಗಿ ಆಡುವ ಮಾತು ‘ಗ್ಲಿಚ್’. ಜಾರುವುದು ಎಂಬ ಅರ್ಥದ ಯಿಡ್ಡಿಷ್ ಪದದಿಂದ ಇದು ಬಂದಿರಬೇಕೆಂದು ಬಲ್ಲವರು ಹೇಳುತ್ತಾರೆ. 1962ರಲ್ಲಿ ಗಗನಯಾತ್ರಿ ಜಾನ್ ಗ್ಲೆನ್ ಇದನ್ನು ವೋಲ್ಟೇಜಿನ ಹಠಾತ್ ಏರಿಳಿತಕ್ಕೆ ಬಳಸಿದರು. ಅಂಥದ್ದಕ್ಕೆ ಯಾರನ್ನು ದೂರುವುದು?

ಆದರೆ 1999ರಲ್ಲಿ ನಾಸಾದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ಮಂಗಳ ಗ್ರಹದ ಬಳಿ ನಾಶವಾದದ್ದು ಬೇರೆ ಬಗೆ. ಒಂದು ತಂಡ ಪೌಂಡಿನ ಅಳತೆಯಲ್ಲಿ ಕೊಟ್ಟ ಲೆಕ್ಕವನ್ನು ಇನ್ನೊಂದು ತಂಡ ನ್ಯೂಟನ್ ಎಂದೇ ತಿಳಿದಿತ್ತು. ಗ್ಲಿಚ್ ಎಂದು ಕೈಬಿಟ್ಟಿದ್ದರೆ ಪಾಠ ಕಲಿಯುವವರು ಯಾರು? ತನಿಖಾ ಮಂಡಳಿ ಕಾರಣವನ್ನು ಬಿಡಿಸಿ ಹೇಳಿತು.

ನಮ್ಮ ‘ತಪ್ಪಾಯಿತು’ ಎಂಬ ಮಾತಿನಲ್ಲೂ ಮಾಡಿದವನ ಹೆಸರಿಲ್ಲ, ನಿಜ. ಆದರೆ ಅದನ್ನು ನೊಂದವರ ಎದುರು ನಿಂತು ಹೇಳುತ್ತೇವೆ, ಹೇಳಿದವನೇ ಹೊಣೆಗಾರ. ಗ್ಲಿಚ್‌ಗಾದರೋ ಎದುರು ನಿಲ್ಲುವವರೇ ಬೇಕಿಲ್ಲ. ಮಕ್ಕಳಿಗೆ ಕೊಟ್ಟ ಮಾತು ಮರೆತು, ‘ಏನೋ ಗ್ಲಿಚ್ ಆಯಿತು ಕಂದ’ ಎಂದರೆ ನಾವು ಅವರಿಗೆ ಕಲಿಸುತ್ತಿರುವುದೇನು? ನಾಳೆ ಅವರೂ ನಮಗೆ ಅದನ್ನೇ ಹೇಳಿಯಾರು.

ಗ್ಲಿಚ್ ಯಂತ್ರಕ್ಕಿರಲಿ. ನಾವು ‘ತಪ್ಪಾಯಿತು’ ಎನ್ನೋಣ, ಆಮೇಲೆ ಸರಿಪಡಿಸೋಣ.