ಆ ಸೀಟು ಯಾರದ್ದು?

ಕೇರಳದಲ್ಲಿ ಹಳೆಯ ಪಿಂಚಣಿ ಪದ್ಧತಿಯ ಸರಕಾರಿ ಮಾಷ್ಟ್ರುಗಳಿಗೆ 56ಕ್ಕೆ ನಿವೃತ್ತಿ. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಾನೂ ಹಾಗೆಯೇ ಮನೆಗೆ ಬಂದವ. ಈಗ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಗಣಿತ ಎಂ.ಎಸ್ಸಿ.ಗೆ ಅರ್ಜಿ ಹಾಕಬೇಕೆಂದಿದ್ದೇನೆ. "ಇನ್ನು ಯಾಕೆ ಮಾಷ್ಟ್ರೇ, ತೋಟ ನೋಡಿಕೊಂಡು ಕೂತರೆ ಸಾಲದಾ?" ಎಂದರು ನೆರೆಯವರು. ನಕ್ಕು ಸುಮ್ಮನಾದೆ. ಆದರೆ ನಕ್ಕು ಬಿಡಲಾಗದ ಪ್ರಶ್ನೆಯೂ ಒಂದುಂಟು. ನನ್ನ ಹಳೆಯ ಶಿಷ್ಯೆಯೊಬ್ಬಳು ಅದೇ ಕೋರ್ಸಿಗೆ ಅರ್ಜಿ ಹಾಕುತ್ತಿದ್ದಾಳೆ. ಸೀಟು ಕೆಲವೇ. ನನಗೆ ಸಿಕ್ಕಿ ಅವಳಿಗೆ ತಪ್ಪಿದರೆ?

ವಯಸ್ಸಾದವರ ತಲೆಗೆ ಗಣಿತ ಹತ್ತದು ಎನ್ನುವವರಿದ್ದಾರೆ. ರಾಮಾನುಜನ್ ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಹಾರ್ಡಿಯವರೇ 1940ರ ತಮ್ಮ ಪುಸ್ತಕದಲ್ಲಿ ಗಣಿತ ತರುಣರ ಕೆಲಸವೆಂದರು. ಆದರೆ 2013ರಲ್ಲಿ ಯೀಟಾಂಗ್ ಝಾಂಗ್ ಎಂಬವರು, ವ್ಯತ್ಯಾಸ 7 ಕೋಟಿಗಿಂತ ಕಡಿಮೆ ಇರುವ ಅವಿಭಾಜ್ಯ ಸಂಖ್ಯೆಗಳ ಜೋಡಿಗಳಿಗೆ ಕೊನೆಯೇ ಇಲ್ಲವೆಂದು ಸಾಧಿಸಿದಾಗ ಅವರಿಗೆ 58. ಡಾಕ್ಟರೇಟ್ ಆದ ಮೇಲೂ ಸ್ಯಾಂಡ್‌ವಿಚ್ ಅಂಗಡಿಯಲ್ಲಿ ದುಡಿದವರು ಅವರು. ಹಾಗೆಂದು ಝಾಂಗ್ ಹೆಸರು ಹೇಳಿ ನಾನು ಸೀಟು ಕೇಳಬಾರದು. ನಾನೇನೂ ಹೊಸತು ಕಂಡುಹಿಡಿಯಲಾರೆ ಎಂದಿಟ್ಟುಕೊಂಡೇ ಯೋಚಿಸಬೇಕು.

ಹಾಗಾದರೆ ಮನೆಯಲ್ಲೇ ಓದಬಹುದಲ್ಲ? ಮಹಾರಾಷ್ಟ್ರದ ದೇವಳಾಲಿಯ ಶಾಲಾ ಮಾಷ್ಟ್ರು ಕಾಪ್ರೇಕರ್ ಅವರು ಸ್ನಾತಕೋತ್ತರ ಪದವಿ ಇಲ್ಲದೆಯೇ 6174ರ ಗುಣ ಕಂಡರು. ನಾನೂ ಎರಡು ವರ್ಷ ಒಬ್ಬನೇ ಓದಿದೆ. ಒಂದು ಸಾಧನೆ ಬರೆದು ಸರಿಯೆಂದೇ ನಂಬಿದ್ದೆ. ರಜೆಯಲ್ಲಿ ಬಂದ ಅದೇ ಶಿಷ್ಯೆ ನೋಡಿ, "ಸರ್, ಮೂರನೇ ಸಾಲಿನಲ್ಲಿ ಭಾಗಿಸುವಾಗ ಛೇದ ಸೊನ್ನೆ ಆಗಬಹುದಲ್ಲ?" ಎಂದಳು. ನಮ್ಮ ತಪ್ಪು ನಮಗೆ ಕಾಣುವುದಿಲ್ಲ. ತೋರಿಸುವವರು ಬೇಕು.

ಇನ್ನು ಸೀಟಿನ ಮಾತು. ಮುಂದೆ ದುಡಿಯುವ ವರ್ಷ ಎಷ್ಟು ಎಂದು ಅಳೆದರೆ ಸೀಟು ಅವಳದ್ದೇ. ಆದರೆ ಈ ಅಳತೆ ಒಪ್ಪಿದರೆ ಕಾಯಿಲೆಯ ಹುಡುಗನಿಗೂ ಸೀಟಿಲ್ಲ ಎನ್ನಬೇಕಾದೀತು. ಮದುವೆಯಾಗಿ ಹೋಗುವವಳಿಗೆ ಓದು ಯಾಕೆ ಎಂದು ನಮ್ಮ ಅಜ್ಜಿಯಂದಿರನ್ನು ಶಾಲೆಯಿಂದ ದೂರ ಇಟ್ಟದ್ದೂ ಇದೇ ಲೆಕ್ಕದಿಂದ. ಅಂಥ ಅಳತೆಗೋಲನ್ನು ನನ್ನ ಶಿಷ್ಯೆಯ ಪರವಾಗಿಯೂ ನಾನು ಎತ್ತಿಕೊಳ್ಳಲಾರೆ.

ಸಿ.ಯು.ಇ.ಟಿ. ಪಿ.ಜಿ. ಪ್ರವೇಶ ಪರೀಕ್ಷೆಗೆ ವಯಸ್ಸಿನ ಮಿತಿ ಇಲ್ಲ. ಸಂಶೋಧನೆಗೆ ಸಿಗುವ ಜೆ.ಆರ್.ಎಫ್. ಸಹಾಯಧನಕ್ಕೆ ಇದೆ. ಈ ಭೇದ ನನಗೆ ನ್ಯಾಯವೆಂದೇ ಕಾಣುತ್ತದೆ. ಪಿಂಚಣಿ ಇರುವವನು ಎಳೆಯರ ಹೊಟ್ಟೆಪಾಡಿನ ಹಣಕ್ಕೆ ಕೈಯೊಡ್ಡಬಾರದು. ಕಲಿಯುವ ಸಾಲಿನಲ್ಲಿ ನಿಲ್ಲಬಹುದು, ಆದರೆ ಮಾಷ್ಟ್ರೆಂದು ಮುಂದೆ ಬಿಡಿ ಎನ್ನಬಾರದು.

ಇದನ್ನೆಲ್ಲ ಅವಳಿಗೆ ಹೇಳಿದೆ. "ನೀವು ಬಿಟ್ಟುಕೊಟ್ಟ ಸೀಟು ನನಗೂ ಬೇಡ ಸರ್. ಹಳೆಯ ಪ್ರಶ್ನೆಪತ್ರಿಕೆ ಉಂಟು, ಒಟ್ಟಿಗೆ ಮಾಡುವ" ಎಂದಳು. ಈಗ ಸಂಜೆ ಇದೇ ವಾಚನಾಲಯದ ಮೇಜಿನಲ್ಲಿ ಇಬ್ಬರೂ ಕೂರುತ್ತೇವೆ. ಸದ್ಯಕ್ಕೆ ಅವಳಿಗೇ ಅಂಕ ಜಾಸ್ತಿ.