ಸಮಾಧಿಯೊಳಗಿನ ಮಣ್ಣಿನ ಕುದುರೆ

ಮಂಗಳೂರಿನಿಂದ ಹೆಚ್ಚು ದೂರವಿಲ್ಲದ ಮೂಡುಬಿದಿರೆ ಬಳಿಯ ಮೂಡುಕೊಣಾಜೆಯಲ್ಲಿ ಬೃಹತ್ ಶಿಲಾಯುಗದ ಕಲ್ಮನೆ ಸಮಾಧಿಗಳಿವೆ. ಅಲ್ಲಿನ ಸುಟ್ಟಮಣ್ಣಿನ ಗೊಂಬೆಗಳನ್ನು 2023ರಲ್ಲಿ ಸಂಶೋಧಕ ಟಿ. ಮುರುಗೇಶಿ ಬೆಳಕಿಗೆ ತಂದರು: ಗೂಳಿಗಳು, ನವಿಲುಗಳು, ಮಾತೃದೇವತೆ, ಜೊತೆಗೊಂದು ಕುದುರೆ. ಅವರು ಅಂದಾಜಿಸಿದ ಕಾಲ ಕ್ರಿ.ಪೂ. 800–700. ಗೂಳಿ ಉಳುವವರ ಬದುಕಿನದು, ಕುದುರೆ ಹಾಗಲ್ಲ. ಸತ್ತವರಿಗೆ ಅದು ಏಕೆ ಬೇಕು?

ಈ ಪ್ರಶ್ನೆಯನ್ನು ಪ್ರಾಚೀನ ಚೀನಾ ಆಳವಾಗಿ ಚರ್ಚಿಸಿತು. ಕ್ರಿ.ಪೂ. 210ರಲ್ಲಿ ತೀರಿಕೊಂಡ ಚಕ್ರವರ್ತಿ ಚಿನ್ ಶಿ ಹುವಾಂಗನ ಸಮಾಧಿಯ ಪಕ್ಕದಲ್ಲಿ ಸಾವಿರಾರು ಮಣ್ಣಿನ ಯೋಧರೂ ಕುದುರೆಗಳೂ ನಿಂತಿವೆ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಅವು ಸಿಕ್ಕವು. ಕನ್ಫ್ಯೂಷಿಯಸ್ ಪರಂಪರೆ ಇಂಥ ಮನುಷ್ಯಾಕೃತಿಗಳನ್ನು ಒಪ್ಪಲಿಲ್ಲ. ಅವು ನರಬಲಿಗೆ ತೀರ ಹತ್ತಿರವೆಂದು ಕಂಡಿತು. ಸತ್ತವರನ್ನು ಪೂರ್ತಿ ಸತ್ತವರೆಂದು ನಡೆಸಿಕೊಳ್ಳುವುದು ನಿರ್ದಯೆ, ಬದುಕಿರುವವರೆಂದೇ ನಡೆಸಿಕೊಳ್ಳುವುದು ಅವಿವೇಕ. ಹಾಗಾಗಿ ಸಮಾಧಿಯ ವಸ್ತು ಬಳಕೆಗೆ ಬಾರದಂತಿರಬೇಕು ಎಂಬುದು ಅದರ ನಿಲುವು. ಮೂಡುಕೊಣಾಜೆಯ ಪುಟ್ಟ ಕುದುರೆಯೂ ಯಾರನ್ನೂ ಹೊರಲಾರದು; ಪ್ರೀತಿ ಮತ್ತು ವಿವೇಕ ಎರಡನ್ನೂ ಉಳಿಸಿಕೊಳ್ಳುವ ಈ ತರ್ಕ ಅದಕ್ಕೂ ಸಲ್ಲುತ್ತದೆ.

ದಕ್ಷಿಣ ಕನ್ನಡದಲ್ಲಿ ಮಣ್ಣಿನ ಗೊಂಬೆ ಇಂದೂ ಹರಕೆಯಾಗಿ ಉಳಿದಿದೆ. ಉಜಿರೆ ಸಮೀಪದ ಸುರ್ಯ ಸದಾಶಿವರುದ್ರ ದೇವಾಲಯಕ್ಕೆ ಭಕ್ತರು ಮನೆ, ಮಗು, ಪ್ರಾಣಿಗಳ ಮಣ್ಣಿನ ರೂಪಗಳನ್ನು ಒಪ್ಪಿಸುತ್ತಾರೆ. ಅಲ್ಲಿ ಕೋರಿಕೆ ಬದುಕಿರುವವರದು.