ಕೆಂಪು ಗುರುತು ಹಾಕಿದ ಕೈ ಯಾರದು?

ಕಾಯಿಲೆ ಬಿದ್ದಾಗ ನಾವು ನಮ್ಮನ್ನು ವೈದ್ಯರ ಕೈಗೆ ಒಪ್ಪಿಸಿ ನಿಶ್ಚಿಂತರಾಗುತ್ತೇವೆ. ಆ ಕೈಯೇ ಕೊಲ್ಲಲು ಒಪ್ಪಿದರೆ? ಹಿಟ್ಲರನ ಜರ್ಮನಿಯಲ್ಲಿ ಹಾಗೆಯೇ ಆಯಿತು.

1933ರಲ್ಲಿ ಅಲ್ಲೊಂದು ಕಾನೂನು ಬಂತು. ಬುದ್ಧಿಮಾಂದ್ಯರು, ಮೂರ್ಛೆರೋಗಿಗಳು, ಹುಟ್ಟುಕುರುಡರು ಮೊದಲಾದವರಿಗೆ ಮಕ್ಕಳಾಗದಂತೆ ಬಲವಂತದ ಶಸ್ತ್ರಚಿಕಿತ್ಸೆ. ಅಂಥವರ ಹೆಸರನ್ನು ವರದಿ ಮಾಡಿದವರು ವೈದ್ಯರು. ತೀರ್ಪು ಕೊಟ್ಟ ಪೀಠಗಳಲ್ಲಿ ಕುಳಿತವರಲ್ಲೂ ವೈದ್ಯರಿದ್ದರು. 1939ರಲ್ಲಿ ಹಿಟ್ಲರ್ ತನ್ನ ವೈದ್ಯ ಕಾರ್ಲ್ ಬ್ರಾಂಟ್ ಮತ್ತು ಅಧಿಕಾರಿ ಬೌಲರ್‌ಗೆ ಇನ್ನೊಂದು ಪತ್ರ ಕೊಟ್ಟ: ವಾಸಿಯಾಗದ ರೋಗಿಗಳಿಗೆ 'ದಯಾಮರಣ' ನೀಡಬಹುದು.

ಆಸ್ಪತ್ರೆಗಳಿಗೆ ಫಾರಂಗಳು ಹೋದವು. ರೋಗಿ ದುಡಿಯಬಲ್ಲನೇ ಎಂಬುದೂ ಅದರಲ್ಲೊಂದು ಪ್ರಶ್ನೆ. ಭರ್ತಿಯಾಗಿ ಬಂದ ಫಾರಂಗಳನ್ನು ತಜ್ಞ ವೈದ್ಯರು ರೋಗಿಯ ಮುಖವನ್ನೂ ನೋಡದೆ ಓದಿ, ಕೆಂಪು ಗುರುತು ಹಾಕಿದರೆ ಸಾವು, ನೀಲಿ ಗುರುತು ಹಾಕಿದರೆ ಬದುಕು. ಹಾಡಮಾರ್, ಹಾರ್ಟ್‌ಹೈಮ್ ಮುಂತಾದ ಆರು ಕಡೆ ವಿಷಾನಿಲದಿಂದ ಕೊಂದು, ಸುಳ್ಳು ಕಾರಣ ಬರೆದ ಮರಣಪತ್ರವನ್ನು ಮನೆಯವರಿಗೆ ಕಳುಹಿಸಿದರು. 1941ರ ಆಗಸ್ಟ್ ವೇಳೆಗೆ ಸತ್ತವರು 70,000ಕ್ಕೂ ಹೆಚ್ಚು.

ಇವರೆಲ್ಲ ರಾಕ್ಷಸರೇ? ಅಲ್ಲ, ಓದಿದವರು, ಸಂಸಾರಸ್ಥರು. ಒಬ್ಬ ಫಾರಂ ತುಂಬಿದ, ಇನ್ನೊಬ್ಬ ಗುರುತು ಹಾಕಿದ, ಮತ್ತೊಬ್ಬ ಮರಣಪತ್ರಕ್ಕೆ ಸಹಿ ಮಾಡಿದ. 'ತೀರ್ಮಾನ ನನ್ನದಲ್ಲ' ಎಂದುಕೊಳ್ಳಲು ಪ್ರತಿಯೊಬ್ಬನಿಗೂ ಅವಕಾಶವಿತ್ತು. ಆದರೆ ಪಾಪವನ್ನು ಹತ್ತು ಜನ ಹಂಚಿಕೊಂಡರೆ ಒಬ್ಬೊಬ್ಬರ ಪಾಲು ಚಿಕ್ಕದಾಗುವುದಿಲ್ಲ.

'ಒಪ್ಪದಿದ್ದರೆ ಜೀವ ಹೋಗುತ್ತಿತ್ತು' ಎನ್ನುವಿರಾ? ಗಟಿಂಗನ್‌ನ ಮನೋವೈದ್ಯ ಗಾಟ್‌ಫ್ರೀಡ್ ಇವಾಲ್ಡ್ ಅವರನ್ನು 1940ರಲ್ಲಿ ಈ ಕೆಲಸಕ್ಕೆ ಕರೆದಾಗ ಅವರು ಆಗದು ಎಂದರು. ಅವರ ಹುದ್ದೆ ಕೂಡ ಹೋಗಲಿಲ್ಲ. ಎಲ್ಲ ರೋಗಿಗಳನ್ನು ಉಳಿಸಲು ಅವರಿಂದಾಗಲಿಲ್ಲ, ನಿಜ. ಆದರೆ ಕೆಂಪು ಪೆನ್ಸಿಲನ್ನು ಅವರು ಹಿಡಿಯಲಿಲ್ಲ.

ನಮ್ಮ ಧರ್ಮಸಭೆಯ ಕಡೆಗೂ ನೋಡೋಣ. ಸುದ್ದಿ ಧರ್ಮಾಧ್ಯಕ್ಷರಿಗೆ 1940ರಲ್ಲೇ ತಿಳಿದಿತ್ತು. ಮೊದಲು ಅವರು ಪತ್ರಗಳಲ್ಲಿ ಪ್ರತಿಭಟಿಸಿದರು. 1941ರ ಆಗಸ್ಟ್ 3ರಂದು ಮ್ಯೂನ್‌ಸ್ಟರ್‌ನ ಧರ್ಮಾಧ್ಯಕ್ಷ ಫಾನ್ ಗಾಲೆನ್ ಪ್ರಬೋಧನೆಯಲ್ಲಿ ಇದನ್ನು ಕೊಲೆಯೆಂದೇ ಕರೆದರು. ಉಪಯೋಗವಿಲ್ಲದವರನ್ನು ಕೊಲ್ಲಬಹುದಾದರೆ ಮುಪ್ಪಿನಲ್ಲಿ ನಮ್ಮೆಲ್ಲರ ಗತಿಯೇನು ಎಂದು ಕೇಳಿದರು. ಅದೇ ತಿಂಗಳು ಹಿಟ್ಲರ್ ವಿಷಾನಿಲದ ಕೆಲಸ ನಿಲ್ಲಿಸಿದ. ಆದರೂ ಚುಚ್ಚುಮದ್ದು, ಉಪವಾಸಗಳಿಂದ ಕೊಲ್ಲುವುದು 1945ರವರೆಗೆ ನಡೆಯಿತು. ಪ್ರತಿಭಟಿಸಿದ ಬರ್ಲಿನ್‌ನ ಗುರು ಲಿಖ್ಟೆನ್‌ಬರ್ಗ್ ಸೆರೆಯಾಗಿ, 1943ರಲ್ಲಿ ದಖಾವ್ ಶಿಬಿರಕ್ಕೆ ಒಯ್ಯುವ ದಾರಿಯಲ್ಲಿ ಪ್ರಾಣಬಿಟ್ಟರು.

ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್‌ನಲ್ಲಿ 20 ವೈದ್ಯರು ಸೇರಿ 23 ಜನರ ವಿಚಾರಣೆಯಾಯಿತು. ಬ್ರಾಂಟ್‌ನನ್ನು 1948ರಲ್ಲಿ ಗಲ್ಲಿಗೇರಿಸಿದರು. ಆದರೆ ಎಷ್ಟೋ ವೈದ್ಯರು ತಮ್ಮ ವೃತ್ತಿಗೆ ಮರಳಿದರು. ಜರ್ಮನಿಯ ವೈದ್ಯ ಸಮುದಾಯ ಬಲಿಯಾದವರ ಕ್ಷಮೆ ಕೇಳಿದ್ದು 2012ರಲ್ಲಿ.

ಓದುಗರೇ, ಅಷ್ಟು ದೊಡ್ಡ ಪರೀಕ್ಷೆ ನಮಗೆ ಬರದಿರಬಹುದು. ಆದರೆ 'ಇವರಿಂದ ಏನು ಪ್ರಯೋಜನ?' ಎಂಬ ಪ್ರಶ್ನೆ ನಮ್ಮ ಮನೆಗಳಲ್ಲೂ ಏಳುತ್ತದೆ: ಹಾಸಿಗೆ ಹಿಡಿದ ಅಜ್ಜಿಯ ಬಗ್ಗೆ, ಮಾತು ಬಾರದ ಮಗುವಿನ ಬಗ್ಗೆ. ಆ ಫಾರಂ ಶುರುವಾದದ್ದು ಇದೇ ಪ್ರಶ್ನೆಯಿಂದ. ಮೇಲಿನವರು ಹೇಳಿದರು ಎಂದು ನಾವು ಹಾಕುವ ಸಹಿಗೆ ದೇವರ ಮುಂದೆ ಉತ್ತರ ಕೊಡಬೇಕಾದವರು ಮೇಲಿನವರಷ್ಟೇ ಅಲ್ಲ, ನಾವೂ ಹೌದು.